ದೇವರಮನೆ, ಮನೆದೇವರು

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಕೇಂದ್ರ ಸರಕಾರದ ನೌಕರಿಗೆ ಸೇರಿದ ನಾನು ಎರಡು ವರ್ಗಾವಣೆಗಳ ನಂತರ ಪುಣೆಗೆ ಬಂದು ನೆಲೆನಿಂತವಳು. ಕಚೇರಿಯಲ್ಲಿ ನನ್ನ ಹುದ್ದೆಗೆ ನಿಗದಿಯಾದ ಕೆಲಸದ ಜೊತೆಗೆ ಇನ್ನೊಂದು ಕೆಲಸವೂ ಬಹಳ ಹಿಂದೆಯೇ ಅಂಟಿಕೊಂಡಿದೆ. ಹೊರಗೆ ಹೋಗಬೇಕಾದ ಯಾವುದೇ ಮಹತ್ವದ ಇಂಗ್ಲಿಷ್ ಬರಹವಿರಲಿ, ಸಹಿಯಾಗುವ ಮುನ್ನ ‘ಮೇಡಂ ಒಮ್ಮೆ ಕಣ್ಣಾಡಿಸಲಿ’ ಎಂಬ ಚೀಟಿಯೊಡನೆ ಅದು ನನ್ನ ಮೇಜಿಗೆ ಬರುತ್ತದೆ. ನಾನು ಅಲ್ಪವಿರಾಮಗಳನ್ನು ಸರಿಪಡಿಸುತ್ತೇನೆ. ಒಂದೇ ವಾಕ್ಯದಲ್ಲಿ ಮೂರು ಸಲ ಬಂದ ಪದವನ್ನು ಎರಡು ಕಡೆ ತೆಗೆಯುತ್ತೇನೆ. ಒಂದು ಪುಟದಲ್ಲಿ ಒಂದು ರೀತಿ, ಇನ್ನೊಂದು ಪುಟದಲ್ಲಿ ಇನ್ನೊಂದು ರೀತಿ ಬರೆದ ಹೆಸರುಗಳನ್ನು ಏಕರೂಪಕ್ಕೆ ತರುತ್ತೇನೆ. ಇದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಒಂದು ಅಕ್ಷರದ ಸ್ಥಾನಪಲ್ಲಟದಿಂದ ಆ ಹೆಮ್ಮೆ ಹೇಗೆ ಕಳಚಿಬಿತ್ತು ಎಂಬುದನ್ನು ಹೇಳಬೇಕಾಗಿದೆ.

2018ರ ಮಳೆಗಾಲದಲ್ಲಿ ಹಾಗೆ ಬಂದದ್ದು ಒಂದು ಟೆಂಡರ್ ದಾಖಲೆ. ನಮ್ಮ ಅಧೀನ ಶಾಖೆಗಳಿಂದ ಪ್ರತಿದಿನ ಬರುವ ಮಾಹಿತಿಯನ್ನು ಒಂದೆಡೆ ಸೇರಿಸಿ, ರಾತ್ರಿ ಅದನ್ನು ಇನ್ನೊಂದು ಇಲಾಖೆಯ ಸರ್ವರಿಗೆ ಕಳಿಸುವ ವ್ಯವಸ್ಥೆಯೊಂದನ್ನು ಕೊಳ್ಳಬೇಕಿತ್ತು. ತಾಂತ್ರಿಕ ಅನುಬಂಧವನ್ನು ಸಿದ್ಧಪಡಿಸಿದವನು ನಮ್ಮಲ್ಲಿ ಗುತ್ತಿಗೆಯ ಮೇಲಿದ್ದ ಯುವ ಇಂಜಿನಿಯರ್. ಸೊಲ್ಲಾಪುರದ ಹುಡುಗ, ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಕಚೇರಿಯಲ್ಲಿ ನನ್ನನ್ನು ‘ಮೇಡಂ’ ಎನ್ನುತ್ತಿದ್ದವನು ಕ್ಯಾಂಟೀನಿನಲ್ಲಿ ಎದುರಾದರೆ ‘ಅಕ್ಕಾರ’ ಎನ್ನುತ್ತಿದ್ದ.

ಅವನ ಅನುಬಂಧದಲ್ಲಿ ಕೆಲವು ಕಡೆ ‘ಎಸ್‌ಎಫ್‌ಟಿಪಿ’ ಎಂದಿತ್ತು, ಕೆಲವು ಕಡೆ ‘ಎಫ್‌ಟಿಪಿಎಸ್’ ಎಂದಿತ್ತು. ಅವೇ ನಾಲ್ಕು ಅಕ್ಷರಗಳು. ‘ಎಸ್’ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅವಸರದಲ್ಲಿ ಬೆರಳು ತಪ್ಪಿರಬೇಕು ಎಂದುಕೊಂಡೆ. ಮೊದಲ ರೂಪ ಹೆಚ್ಚು ಕಡೆ ಇದ್ದುದರಿಂದ ಅದೇ ಸರಿಯೆಂದು ಬಗೆದು, ಎರಡನೆಯದನ್ನು ಹುಡುಕಿ ಬದಲಿಸುವಂತೆ ಕಂಪ್ಯೂಟರಿಗೆ ಹೇಳಿದೆ. ಏಳು ಕಡೆ ಬದಲಾಯಿತು ಎಂದು ಪರದೆ ತಿಳಿಸಿತು. ಹುಡುಗ ಕೂರುತ್ತಿದ್ದದ್ದು ಒಂದೇ ಮಹಡಿ ಕೆಳಗೆ. ಫೋನ್ ಎತ್ತಿ ಕೇಳಬಹುದಾಗಿತ್ತು. ಕೇಳಬೇಕೆಂದು ಅನ್ನಿಸಲೇ ಇಲ್ಲ. ಕಾಗುಣಿತದ ತಪ್ಪನ್ನು ತಿದ್ದಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ದಾಖಲೆ ಸಹಿಯಾಗಿ ಹೊರಬಿತ್ತು. ಬಿಡ್‌ಗಳು ಬಂದವು, ಗುತ್ತಿಗೆ ನಿಶ್ಚಯವಾಯಿತು, ಯಂತ್ರಗಳು ಬಂದು ಕೂತವು. ಪರೀಕ್ಷೆಯ ದಿನ ಶಾಖೆಗಳಿಂದ ನಮ್ಮಲ್ಲಿಗೆ ಕಡತಗಳು ಸಲೀಸಾಗಿ ಬಂದವು. ನಮ್ಮಲ್ಲಿಂದ ಆ ಇನ್ನೊಂದು ಇಲಾಖೆಗೆ ಮಾತ್ರ ಒಂದೂ ಹೋಗಲಿಲ್ಲ. ಅವರ ಸರ್ವರ್ ಸ್ವೀಕರಿಸುತ್ತಿದ್ದದ್ದು ಎಫ್‌ಟಿಪಿಎಸ್ ಮಾತ್ರ. ನಮಗೆ ಬಂದಿದ್ದ ತಂತ್ರಾಂಶ ಮಾತಾಡುತ್ತಿದ್ದದ್ದು ಎಸ್‌ಎಫ್‌ಟಿಪಿ. ಸರಬರಾಜುದಾರರು ದಾಖಲೆಯ ಪುಟ ತೆರೆದು ತೋರಿಸಿದರು. ಅಲ್ಲಿ ಬರೆದದ್ದನ್ನು ಅವರು ಚಾಚೂ ತಪ್ಪದೆ ಪೂರೈಸಿದ್ದರು. ಹೊಸದಾಗಿ ಬೇಕೆಂದರೆ ಹೊಸ ಆದೇಶ, ಹೊಸ ಮಂಜೂರಾತಿ, ಹೊಸ ಹಣ. ಅದೆಲ್ಲ ಮುಗಿಯುವವರೆಗೆ, ಎರಡು ತಿಂಗಳಿಗೂ ಮೇಲ್ಪಟ್ಟು, ನಮ್ಮ ಜವಾನರೊಬ್ಬರು ಪ್ರತಿ ಸಂಜೆ ಬೀಗಮುದ್ರೆಯ ಲಕೋಟೆಯಲ್ಲಿ ಡಿಸ್ಕ್ ಇಟ್ಟುಕೊಂಡು ಸ್ಕೂಟರಿನಲ್ಲಿ ನಗರದ ಆ ತುದಿಗೆ ಹೋಗಿಬರುತ್ತಿದ್ದರು.

ನಾನು ಏನನ್ನು ಏನು ಮಾಡಿದ್ದೆ ಎಂಬುದು ನನಗೆ ಪೂರ್ತಿಯಾಗಿ ತಿಳಿದದ್ದು ಆಮೇಲೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎಫ್‌ಟಿಪಿ ಎಂಬುದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಡತ ಸಾಗಿಸಲು ಎರಡೂ ಕಡೆಯವರು ಒಪ್ಪಿಕೊಂಡ ಕ್ರಮ. ಅದರ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ, ಆಗ ಅಮೆರಿಕದ ಎಂಐಟಿಯಲ್ಲಿದ್ದವರು. ಆಗಿನ ಜಾಲದಲ್ಲಿದ್ದದ್ದು ಪರಸ್ಪರ ಬಲ್ಲ ಕೆಲವೇ ಸಂಸ್ಥೆಗಳು; ಆದ್ದರಿಂದ ಎಫ್‌ಟಿಪಿಯಲ್ಲಿ ಗುಪ್ತಪದವೂ ಕಡತವೂ ಅಂಚೆಕಾರ್ಡಿನ ಮೇಲಿನ ಬರಹದಂತೆ ಬಯಲಾಗಿಯೇ ಸಾಗುತ್ತಿದ್ದವು. ಮುಂದೆ ಜಾಲ ಜಗತ್ತಿಗೆಲ್ಲ ಹರಡಿದಾಗ ಇದಕ್ಕೆ ರಕ್ಷಣೆ ಬೇಕಾಯಿತು. ರಕ್ಷಣೆ ಎರಡು ದಾರಿಗಳಲ್ಲಿ ಬಂತು.

ಒಂದು ದಾರಿ, ಹಳೆಯ ಎಫ್‌ಟಿಪಿಯನ್ನು ಹಾಗೆಯೇ ಉಳಿಸಿಕೊಂಡು ಅದಕ್ಕೆ ಟಿಎಲ್‌ಎಸ್ ಎಂಬ ರಕ್ಷಾಕವಚ ತೊಡಿಸುವುದು. ಅದು ಎಫ್‌ಟಿಪಿಎಸ್. ಅದರ ನಿಯಮ 2005ರಲ್ಲಿ ಆರ್‌ಎಫ್‌ಸಿ 4217 ಎಂಬ ದಾಖಲೆಯಾಗಿ ಪ್ರಕಟವಾಯಿತು. ಅಲ್ಲಿ ಸರ್ವರಿನ ಗುರುತು ಪ್ರಮಾಣಪತ್ರದಿಂದ. ಆಜ್ಞೆಗಳಿಗೆ ಒಂದು ಸಂಪರ್ಕ, ಕಡತಕ್ಕೆ ಬೇರೊಂದು. ದ್ವಾರಸಂಖ್ಯೆ 21 ಅಥವಾ 990, ಜೊತೆಗೆ ಕಡತಗಳಿಗಾಗಿ ಇನ್ನಷ್ಟು ದ್ವಾರಗಳು. ಇನ್ನೊಂದು ದಾರಿ ಹೆಲ್ಸಿಂಕಿಯಿಂದ ಹೊರಟದ್ದು. 1995ರಲ್ಲಿ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವಾದಾಗ ತಾತು ಯೂಲೋನೆನ್ ಎಂಬ ಸಂಶೋಧಕರು ಎಸ್‌ಎಸ್‌ಎಚ್ ರಚಿಸಿದರು. ಎಫ್‌ಟಿಪಿಯ 21 ಮತ್ತು ಟೆಲ್‌ನೆಟ್‌ನ 23ರ ನಡುವೆ ಖಾಲಿ ಉಳಿದಿದ್ದ 22ನೆಯ ದ್ವಾರವನ್ನು ಕೇಳಿ ಪಡೆದರು. ಆ ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿಯೊಂದಿಗೆ ಬಂದದ್ದು ಎಸ್‌ಎಫ್‌ಟಿಪಿ. ಅದರ ಹೆಸರಿನಲ್ಲಿ ಎಫ್‌ಟಿಪಿ ಇದ್ದರೂ ಅದು ಎಫ್‌ಟಿಪಿಯ ಸಂತಾನವಲ್ಲ. ಆಜ್ಞೆಗಳು ಬೇರೆ, ರಚನೆ ಬೇರೆ, ಎಲ್ಲವೂ 22ನೆಯ ದ್ವಾರದ ಒಂದೇ ಸಂಪರ್ಕದೊಳಗೆ. ನಮ್ಮ ಕಡೆ ಪಾಟೀಲ ಎಂಬ ಅಡ್ಡಹೆಸರಿನವರೆಲ್ಲ ಅಣ್ಣತಮ್ಮಂದಿರಲ್ಲವಷ್ಟೆ, ಹಾಗೆ.

ಸಾಲದ್ದಕ್ಕೆ ಎಸ್‌ಎಫ್‌ಟಿಪಿ ಎಂಬ ಹೆಸರಿನದೇ ಮೂರನೆಯದೊಂದೂ ಇದೆ. 1984ರ ಆರ್‌ಎಫ್‌ಸಿ 913ರಲ್ಲಿ ವಿವರಿಸಲಾದ ಅದರ ಮೊದಲ ಅಕ್ಷರಕ್ಕೆ ‘ಸರಳ’ ಎಂದು ಅರ್ಥ. ಅದರಲ್ಲಿ ಗೂಢಲಿಪಿಯ ರಕ್ಷಣೆಯ ಸುಳಿವೇ ಇಲ್ಲ. ಆದ್ದರಿಂದ ಬಲ್ಲವರು ಒಳ್ಳೆಯ ದಾಖಲೆಯಲ್ಲಿ ಬರಿಯ ನಾಲ್ಕಕ್ಷರ ಬರೆದು ಸುಮ್ಮನಾಗುವುದಿಲ್ಲ. ಯಾವುದರ ಮೇಲೆ ಸಾಗುವುದು, ಯಾವ ದ್ವಾರ, ಗುರುತು ಕೀಲಿಯಿಂದಲೋ ಪ್ರಮಾಣಪತ್ರದಿಂದಲೋ ಎಂಬುದನ್ನೂ ಬರೆಯುತ್ತಾರೆ. ಹುಡುಗ ಇದನ್ನೆಲ್ಲ ಬರೆದಿದ್ದ. ಎಫ್‌ಟಿಪಿಎಸ್ ಇದ್ದ ಕಡೆಯಲ್ಲೆಲ್ಲ 990 ಎಂಬ ಸಂಖ್ಯೆಯೂ ಇತ್ತು. ಹೆಸರನ್ನು ಬದಲಿಸಿದ ನಾನು ಸಂಖ್ಯೆಯನ್ನು ಹಾಗೆಯೇ ಬಿಟ್ಟಿದ್ದೆ. ಬಲ್ಲವರು ಓದಿದ್ದರೆ ಹೆಸರಿಗೂ ಸಂಖ್ಯೆಗೂ ಹೊಂದಿಕೆಯಿಲ್ಲವೆಂದು ಕೂಡಲೇ ಕೇಳುತ್ತಿದ್ದರು. ಸಹಿ ಮಾಡಿದವರಲ್ಲಿ ಬಲ್ಲವರಿರಲಿಲ್ಲ. ಬಲ್ಲವನಿಗೆ ಅಂತಿಮ ಪ್ರತಿಯನ್ನು ಯಾರೂ ತೋರಿಸಿರಲಿಲ್ಲ.

ಈಗ ಸಭೆಯ ಮಾತು. ತಪ್ಪು ಯಾರದು ಎಂಬ ಪ್ರಶ್ನೆ ಎದ್ದಾಗ ಎಲ್ಲರ ಕಣ್ಣೂ ಅನುಬಂಧ ಬರೆದವನ ಮೇಲೆ ಹೋಯಿತು. ‘ನಾನು ಹಾಗೆ ಬರೆದಿಲ್ಲ ಸರ್’ ಎಂದು ಅವನು ಎರಡು ಸಲ ಹೇಳಿದ. ಸಹಿಯಾದ ಪ್ರತಿಯೇ ಪ್ರಮಾಣವೆಂದು ಉತ್ತರ ಬಂತು. ಮರುದಿನ ಅವನಿಗೆ ಲಿಖಿತ ವಿವರಣೆ ಕೇಳಿ ಮೆಮೊ ಹೋಯಿತು. ಮಾರ್ಚಿನಲ್ಲಿ ಅವನ ಗುತ್ತಿಗೆ ನವೀಕರಣವಾಗಬೇಕಿತ್ತು.

ಸಭೆಯಲ್ಲಿ ನಾನೂ ಇದ್ದೆ. ಎಫ್‌ಟಿಪಿಎಸ್ ಎಂಬ ಹೆಸರು ಕಿವಿಗೆ ಬಿದ್ದ ಗಳಿಗೆಯಲ್ಲೇ ನನಗೆ ಪರದೆಯ ಮೇಲಿನ ಆ ಏಳು ಎಂಬ ಅಂಕಿ ನೆನಪಾಗಿತ್ತು. ಆದರೂ ಬಾಯಿ ತೆರೆಯಲಿಲ್ಲ. ನಾಲ್ಕು ದಿನ ತೆರೆಯಲಿಲ್ಲ. ಆ ನಾಲ್ಕು ದಿನ ನಾನು ನನಗೆ ಹೇಳಿಕೊಂಡ ಸಮಾಧಾನಗಳನ್ನು ಇವತ್ತು ಬರೆಯಲು ನಾಚಿಕೆಯಾಗುತ್ತದೆ. ತಾಂತ್ರಿಕ ವಿಷಯದ ಹೊಣೆ ತಾಂತ್ರಿಕರದೇ ಅಲ್ಲವೇ ಎಂದುಕೊಂಡೆ. ಅವನೇ ಹೋಗಿ ಅಂತಿಮ ಪ್ರತಿಯನ್ನು ಕೇಳಬಹುದಿತ್ತಲ್ಲ ಎಂದುಕೊಂಡೆ. ಆ ವರ್ಷ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅದನ್ನು ಮಾತ್ರ ನನಗೆ ನಾನೇ ಹೇಳಿಕೊಳ್ಳದೆ ಬದಿಗಿಟ್ಟೆ. ಮನೆಯಲ್ಲಿ ಯಜಮಾನರು ‘ಮೈ ಹುಷಾರಿಲ್ಲವೇ’ ಎಂದು ಕೇಳಿದರು. ಇಲ್ಲ ಎಂದೆ.

ಐದನೆಯ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕೂತಿದ್ದ. ಮೆಮೊಗೆ ಇಂಗ್ಲಿಷಿನಲ್ಲಿ ಉತ್ತರ ಬರೆದಿದ್ದನಂತೆ. ಕಾಗದವನ್ನು ನನ್ನ ಮುಂದೆ ಚಾಚಿ, “ಅಕ್ಕಾರ, ಇಂಗ್ಲೀಷು ಬರೋಬರಿ ಐತಿಲ್ಲೋ ಒಮ್ಮೆ ನೋಡ್ರಿ” ಎಂದ. ತನ್ನ ತಪ್ಪಿಲ್ಲದ ತಪ್ಪಿಗೆ ಅವನು ಬರೆದ ವಿವರಣೆಯ ವ್ಯಾಕರಣವನ್ನು ನಾನೇ ತಿದ್ದಿಕೊಡಬೇಕಿತ್ತು. ನನ್ನ ಕೈಗೆ ಪೆನ್ನು ಬರಲಿಲ್ಲ. ಅಲ್ಲಿಯೇ ಎಲ್ಲವನ್ನೂ ಹೇಳಿದೆ.

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಬಹಳ ಹೊತ್ತು ಚಹದ ಲೋಟವನ್ನೇ ನೋಡುತ್ತಿದ್ದು, ಆಮೇಲೆ ಹೇಳಿದ: “ಮನಿದೇವ್ರು ಅಂದ್ರೂ ದೇವ್ರಮನಿ ಅಂದ್ರೂ ಒಂದೇ ಏನ್ರೀ ಅಕ್ಕಾರ? ಅಕ್ಷರ ಅವೇ ಅದಾವು. ಆದ್ರ ನಮ್ಮ ಮನಿದೇವ್ರು ಸಿದ್ಧರಾಮೇಶ್ವರ, ದೇವ್ರಮನಿ ಅಡಿಗಿಮನಿ ಬಾಜೂಕ ಐತಿ. ನನಗೊಮ್ಮೆ ಕೇಳಿದ್ರ ಹೇಳ್ತಿದ್ನೆಲ್ರೀ.” ಕಡೆಯ ಮಾತು ನನಗೆ ಮೆಮೊಗಿಂತ ಹೆಚ್ಚಾಗಿ ನಾಟಿತು. ದೇವರಮನೆಯನ್ನೂ ಮನೆದೇವರನ್ನೂ ಯಾವ ಕನ್ನಡಿಗನೂ ಏಕರೂಪಕ್ಕೆ ತರಲು ಹೋಗುವುದಿಲ್ಲ, ಏಕೆಂದರೆ ಎರಡನ್ನೂ ಅವನು ಬಲ್ಲ. ನಾನು ಎಸ್‌ಎಫ್‌ಟಿಪಿ, ಎಫ್‌ಟಿಪಿಎಸ್ ಎರಡನ್ನೂ ಬಲ್ಲವಳಾಗಿರಲಿಲ್ಲ. ಬಲ್ಲದ ಹೆಸರು ಕಣ್ಣಿಗೆ ಬಿದ್ದಾಗ ಅದು ತಪ್ಪು ಬರಹದಂತೆ ಕಾಣುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಅಂದು ಸಂಜೆಯೇ ಕಡತದ ಹಸಿರು ಹಾಳೆಯಲ್ಲಿ ಟಿಪ್ಪಣಿ ಬರೆದೆ. ಮೂಲ ಕರಡಿನಲ್ಲಿ ಹೆಸರು ಸರಿಯಾಗಿತ್ತು, ಬದಲಾವಣೆ ನನ್ನದು, ಕರಡು ಬರೆದವರನ್ನು ಕೇಳದೆ ಮಾಡಿದ್ದು, ತಿದ್ದುಪಡಿಯ ಗುರುತುಗಳಿರುವ ಪ್ರತಿಯನ್ನು ಲಗತ್ತಿಸಿದೆ. ನನ್ನ ಸೇವಾವಧಿಯಲ್ಲಿ ಅಷ್ಟು ಚಿಕ್ಕ ವಾಕ್ಯಗಳನ್ನು ನಾನು ಬರೆದದ್ದಿಲ್ಲ. ಅವನ ಮೆಮೊ ಹಿಂದಕ್ಕೆ ಹೋಯಿತು. ನನಗೆ ಮುಂದೆ ಎಚ್ಚರ ವಹಿಸತಕ್ಕದ್ದೆಂದು ಲಿಖಿತ ಸೂಚನೆ ಬಂತು. ಬಡ್ತಿ ಎರಡು ವರ್ಷ ತಡವಾಯಿತು. ಅದಕ್ಕೆ ಇದೇ ಕಾರಣವೋ ಬೇರೆಯೋ, ನಾನು ವಿಚಾರಿಸಲಿಲ್ಲ.

ಆ ಮೇಲಿನ ತಿಂಗಳುಗಳಲ್ಲಿ ಊಟದ ಬಿಡುವಿನಲ್ಲಿ ಅವನು ನನಗೆ ಮೇಷ್ಟರಾದ. ಅವನಿಂದಲೇ ಆರ್‌ಎಫ್‌ಸಿಗಳನ್ನು ಓದುವ ಚಟ ಹತ್ತಿತು. ಅಂತರಜಾಲದ ಬಹುಪಾಲು ನಿಯಮಗಳನ್ನು ಬರೆದಿಟ್ಟಿರುವ ಈ ದಾಖಲೆಗಳ ಹೆಸರಿನ ಅರ್ಥವೇ ‘ಅಭಿಪ್ರಾಯಕ್ಕಾಗಿ ಕೋರಿಕೆ’. 1969ರ ಏಪ್ರಿಲ್‌ನಲ್ಲಿ ಮೊದಲನೆಯದನ್ನು ಬರೆದ ಸ್ಟೀವ್ ಕ್ರಾಕರ್ ಆಗಿನ್ನೂ ವಿದ್ಯಾರ್ಥಿ. ಅಪ್ಪಣೆಯ ಧ್ವನಿ ಬರದಿರಲೆಂದು ಆ ವಿನಯದ ಹೆಸರಿಟ್ಟರಂತೆ. ಆದರೆ ಒಳಗಿನ ಭಾಷೆ ಬಲು ಬಿಗಿ. 1997ರ ಆರ್‌ಎಫ್‌ಸಿ 2119 ಎಂಬುದು ಕ್ರಿಯಾಪದಗಳ ಅರ್ಥವನ್ನು ನಿಗದಿಪಡಿಸುವುದಕ್ಕೆಂದೇ ಇರುವ ದಾಖಲೆ. ಯಾವುದು ಕಡ್ಡಾಯ, ಯಾವುದನ್ನು ತಕ್ಕ ಕಾರಣವಿದ್ದರೆ ಮಾತ್ರ ಬಿಡಬಹುದು, ಯಾವುದು ಇಚ್ಛೆಗೆ ಬಿಟ್ಟದ್ದು ಎಂಬುದಕ್ಕೆ ಒಂದೊಂದು ಪದ. ಅದನ್ನು ಓದುವಾಗ ನನಗೆ ನಮ್ಮ ಕನ್ನಡ ಕಾನೂನು ಬರಹದ ‘ಮಾಡತಕ್ಕದ್ದು’, ‘ಮಾಡಬಹುದು’ ನೆನಪಾದವು. ವಿದ್ಯಾರ್ಥಿ ದೆಸೆಯಲ್ಲಿ ಆ ‘ತಕ್ಕದ್ದು’ಗಳನ್ನು ಕಂಡು ನಕ್ಕವಳು ನಾನು. ಕಾವ್ಯ ಓದಿ ಬಂದವಳಿಗೆ ಪುನರುಕ್ತಿ ದೋಷವೆಂದೇ ಪಾಠವಾಗಿತ್ತು. ಇಲ್ಲಿ ಪುನರುಕ್ತಿಯೇ ಪ್ರಾಮಾಣಿಕತೆ: ಒಂದು ವಸ್ತುವಿಗೆ ಕೊನೆಯವರೆಗೂ ಒಂದೇ ಪದ, ಎರಡು ವಸ್ತುಗಳಿಗೆ ಎಂದೂ ಒಂದೇ ಪದವಿಲ್ಲ.

ಹಾಗೆಂದು ಎಲ್ಲೆಡೆ ಎಲ್ಲರನ್ನೂ ತಿದ್ದುತ್ತ ಹೋಗಬೇಕೆಂದಲ್ಲ. ಎಸ್‌ಎಸ್‌ಎಲ್ ಎಂಬ ಹೆಸರನ್ನೇ ನೋಡಿ. ಅದು ನೆಟ್‌ಸ್ಕೇಪ್ ಕಂಪನಿ ರೂಪಿಸಿದ್ದು. ಅದರ ಮೂರನೆಯ ಆವೃತ್ತಿ 1996ರದು. ಅಂತರಜಾಲದ ನಿಯಮ ರೂಪಿಸುವ ಐಇಟಿಎಫ್ ಅದನ್ನು ಕೈಗೆತ್ತಿಕೊಂಡು ಸ್ವಲ್ಪ ಬದಲಿಸಿ, 1999ರಲ್ಲಿ ಟಿಎಲ್‌ಎಸ್ ಎಂಬ ಹೊಸ ಹೆಸರಿನಲ್ಲಿ ಪ್ರಕಟಿಸಿತು. ಒಂದು ಕಂಪನಿಯ ಸ್ವತ್ತಿಗೆ ಮುದ್ರೆಯೊತ್ತಿದಂತೆ ಕಾಣಬಾರದೆಂಬ ಲೆಕ್ಕಾಚಾರವೂ ಹೆಸರು ಬದಲಿಸಿದ್ದರ ಹಿಂದೆ ಇತ್ತೆಂದು ಆ ಕೆಲಸದಲ್ಲಿದ್ದವರೇ ಹೇಳಿದ್ದಾರೆ. ತಮಾಷೆಯೆಂದರೆ ಟಿಎಲ್‌ಎಸ್ 1.0 ತಂತಿಯ ಮೇಲೆ ತನ್ನನ್ನು 3.1 ಎಂದೇ ಪರಿಚಯಿಸಿಕೊಳ್ಳುತ್ತದೆ, ಗಂಡನ ಮನೆಯಲ್ಲಿ ಹೆಸರು ಬದಲಾದರೂ ಶಾಲೆಯ ದಾಖಲೆಯಲ್ಲಿ ತವರಿನ ಹೆಸರು ಉಳಿದಂತೆ. ಎಸ್‌ಎಸ್‌ಎಲ್ 3.0ಯನ್ನು 2015ರ ಜೂನ್‌ನಲ್ಲಿ ನಿಷೇಧಿಸಲಾಯಿತು. ಟಿಎಲ್‌ಎಸ್‌ನ ಮೊದಲೆರಡು ಆವೃತ್ತಿಗಳೂ 2021ರಲ್ಲಿ ನಿವೃತ್ತವಾದವು. ಆದರೂ ಅಂಗಡಿಯಲ್ಲಿ ಮಾರುವುದು ‘ಎಸ್‌ಎಸ್‌ಎಲ್ ಸರ್ಟಿಫಿಕೇಟ್’ ಎಂದೇ. ಯಾರಾದರೂ ಮಾತಿನಲ್ಲಿ ಹಾಗೆಂದರೆ ನಾನು ಸುಮ್ಮನಿರುತ್ತೇನೆ; ಅವರು ಹೇಳಿದ್ದು ಏನೆಂದು ಇಬ್ಬರಿಗೂ ಗೊತ್ತಿರುತ್ತದೆ. ಆದರೆ ‘ಎಸ್‌ಎಸ್‌ಎಲ್ 3.0 ಅಥವಾ ಮೇಲ್ಪಟ್ಟದ್ದು’ ಎಂದು ಕರಾರಿನಲ್ಲಿ ಬರೆದರೆ, ನಿಷೇಧಿತವಾದುದನ್ನೇ ತಂದು ಕೂರಿಸಿ ಕರಾರು ಪೂರೈಸಿದೆ ಎನ್ನಲು ದಾರಿ ಮಾಡಿಕೊಟ್ಟಂತೆ. ನಗರ ಮುಂಬೈ ಆಗಿದ್ದರೂ ಅಲ್ಲಿನ ಉಚ್ಚ ನ್ಯಾಯಾಲಯ ಇಂದಿಗೂ ಬಾಂಬೆ ಹೈಕೋರ್ಟ್. ಅರ್ಜಿಯಲ್ಲಿ ಹಾಗೆಯೇ ಬರೆಯಬೇಕು. ಹೊಸ ಹೆಸರೇ ಸರಿ, ಹಳೆಯದೇ ಸರಿ ಎಂಬ ಸಾಮಾನ್ಯ ಸೂತ್ರವಿಲ್ಲ. ಆ ವಸ್ತುವಿನ ಈಗಿನ ಅಧಿಕೃತ ಹೆಸರೇನೆಂದು ಪ್ರತಿಸಲವೂ ಹೋಗಿ ನೋಡಬೇಕು.

ಕಳೆದ ವರ್ಷ ನಮ್ಮ ಬಳಗದ ಹಿರಿಯರೊಬ್ಬರು ಈ ವಿಷಯಗಳನ್ನು ಕನ್ನಡದಲ್ಲಿ ಬರೆಯಲು ಹೇಳಿದರು. ಪ್ರೋಟೋಕಾಲ್ ಎಂಬುದನ್ನೇ ಮೊದಲು ಹಿಡಿದೆ. ಗ್ರೀಕಿನಲ್ಲಿ ಅದು ಪಪೈರಸ್ ಸುರುಳಿಗೆ ಮೊದಲಿಗೆ ಅಂಟಿಸಿದ ಹಾಳೆ. ಮಹಾರಾಷ್ಟ್ರ ಸರಕಾರದಲ್ಲಿ ಅತಿಥಿ ಗಣ್ಯರನ್ನು ನೋಡಿಕೊಳ್ಳುವುದು ‘ರಾಜಶಿಷ್ಟಾಚಾರ’, ನಮ್ಮ ಕರ್ನಾಟಕದಲ್ಲಿ ‘ರಾಜ್ಯ ಶಿಷ್ಟಾಚಾರ’. ಸಾಮಾನ್ಯ ನಾಮವಾಗಿ ಶಿಷ್ಟಾಚಾರ ಎಂಬ ಮಾತು ಯಂತ್ರಗಳಿಗೂ ಒಪ್ಪುತ್ತದೆ. ಯಾರು ಮೊದಲು ಮಾತಾಡಬೇಕು, ಯಾವುದಕ್ಕೆ ಏನು ಉತ್ತರ, ಹೇಗೆ ಬೀಳ್ಕೊಳ್ಳಬೇಕು ಎಂಬುದೇ ತಾನೆ ಅಲ್ಲಿಯೂ ಇರುವುದು. ಉತ್ಸಾಹದಲ್ಲಿ ಮುಂದುವರಿದು ಎಸ್‌ಎಫ್‌ಟಿಪಿಗೆ ‘ಸುರಕ್ಷಿತ ಕಡತ ವರ್ಗಾವಣೆ ಶಿಷ್ಟಾಚಾರ’ ಎಂದು ಬರೆದೆ. ಚೆನ್ನಾಗಿದೆ ಅನ್ನಿಸಿತು. ಮುಂದಿನ ಸಾಲಿನಲ್ಲಿ ಎಫ್‌ಟಿಪಿಎಸ್ ಬಂತು. ಅದಕ್ಕೇನು ಬರೆಯಲಿ? ಅದೂ ಸುರಕ್ಷಿತವೇ, ಅದೂ ಕಡತ ವರ್ಗಾವಣೆಯೇ. ನನ್ನ ಸುಂದರ ಅನುವಾದ ಹುಡುಕಿ ಬದಲಿಸುವ ಆ ಆಜ್ಞೆಯ ಕೆಲಸವನ್ನೇ ಎರಡನೆಯ ಸಲ ಮಾಡಿತ್ತು. ಹಾಳೆ ಹರಿದು ಹಾಕಿ, ಎರಡನ್ನೂ ಅವುಗಳ ಹೆಸರಿನಿಂದಲೇ ಕನ್ನಡ ಲಿಪಿಯಲ್ಲಿ ಬರೆದೆ. ಪಾರಿಭಾಷಿಕ ಪದಗಳನ್ನು ಕನ್ನಡಿಸೋಣ, ಅಗತ್ಯವಾಗಿ ಕನ್ನಡಿಸೋಣ. ಆದರೆ ಇವು ಅಂಕಿತನಾಮಗಳು. 2021ರ ಆರ್‌ಎಫ್‌ಸಿ 9000ರಲ್ಲಿ ‘ಕ್ವಿಕ್’ ಎಂಬ ಹೊಸ ಶಿಷ್ಟಾಚಾರದ ಬಗ್ಗೆ, ಇದೊಂದು ಹೆಸರು, ಯಾವುದರ ಹ್ರಸ್ವರೂಪವೂ ಅಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಹೆಸರನ್ನು ಬಿಡಿಸಿ ಅರ್ಥ ಹೇಳಲು ಹೊರಡುವ ನನ್ನಂಥವರು ಎಲ್ಲ ದೇಶಗಳಲ್ಲೂ ಇದ್ದಾರೆಂದು ಕಾಣುತ್ತದೆ.

ಹುಡುಗನ ಗುತ್ತಿಗೆ ಆ ಮಾರ್ಚಿನಲ್ಲಿ ಆರು ತಿಂಗಳಿಗೆ ನವೀಕರಣವಾಯಿತು. ಅದು ಮುಗಿಯುವ ಮೊದಲೇ ಹಿಂಜವಡಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೊರಟ. ಹೋಗುವ ದಿನ ಅವನು ಒಂದು ಮಾತು ಹೇಳಿದ್ದ. ಪುಣೆಯಲ್ಲಿ ಅವನ ಉಚ್ಚಾರ ಕೇಳಿ ‘ಕಾನಡಿ’ ಎನ್ನುತ್ತಾರಂತೆ, ಬೆಂಗಳೂರಿಗೆ ಸಂದರ್ಶನಕ್ಕೆ ಹೋದಾಗ ‘ಮರಾಠಿ ಹುಡುಗ’ ಎಂದರಂತೆ. “ಯಾರ್ ಏನಂದ್ರೂ ನಾ ಏನೂ ಅನ್ನಂಗಿಲ್ರೀ. ಆದ್ರ ಅರ್ಜಿಯೊಳಗ ಮಾತೃಭಾಷೆ ಅಂತ ಇರ್ತೈತಲ್ಲ, ಅಲ್ಲಿ ಮಾತ್ರ ನಾನs ಬರೀತೀನಿ.” ನಗುತ್ತಲೇ ಹೇಳಿದ. ನಾನೂ ನಕ್ಕೆ.

ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಹೊತ್ತಿಗೆ ಸಿದ್ಧರಾಮೇಶ್ವರ ಜಾತ್ರೆ. ಪ್ರತಿವರ್ಷ ಜಾತ್ರೆಗೆ ಊರಿಗೆ ಹೋದಾಗ ಅಲ್ಲಿಂದಲೇ ಒಂದು ಫೋನ್ ಮಾಡುತ್ತಾನೆ. ಎಳ್ಳುಬೆಲ್ಲದ ಮಾತು ಮುಗಿದ ಮೇಲೆ ತಪ್ಪದೆ ಕೇಳುತ್ತಾನೆ: “ಅಕ್ಕಾರ, ಈಗೂ ಮಂದೀ ಕರಡು ತಿದ್ದತೀರೇನ್ರೀ?”

“ತಿದ್ದತೀನಪಾ,” ಎನ್ನುತ್ತೇನೆ. “ಬರದವರನ್ನ ಕೇಳಿ ತಿದ್ದತೀನಿ.”